ಫೆಲ್ಟ್ ಹ್ಯಾಟಿನ ಅಂಚು ಸೊಟ್ಟಗಾದರೆ

ಸೂಟ್‌ಕೇಸಿನಲ್ಲಿ ತುರುಕಿ ತಂದ ಫೆಲ್ಟ್ ಹ್ಯಾಟಿನ ಅಂಚು ಅಲೆ ಅಲೆಯಾಗಿ ಏಳುತ್ತದೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಅಜ್ಜನ ಹ್ಯಾಟಿನದೂ ಇದೇ ಪಾಡು. ಇನ್ನು ಇದು ಕೆಲಸಕ್ಕೆ ಬಾರದು ಎಂದು ಎಸೆಯುವ ಮುನ್ನ ಒಂದು ಕೆಟಲ್ ನೀರು ಕಾಯಿಸಿ ನೋಡಿ.

ಫೆಲ್ಟನ್ನು ನೇಯುವುದಿಲ್ಲ. ಕುರಿಯ ಉಣ್ಣೆಯನ್ನೋ ಮೊಲದ ತುಪ್ಪಳವನ್ನೋ ಬಿಸಿನೀರು, ಹಬೆ, ಒತ್ತಡಗಳಲ್ಲಿ ಹಾಯಿಸಿ, ಎಳೆಗಳು ಬಿಡಿಸಲಾಗದಂತೆ ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಮಾಡುತ್ತಾರೆ. ಆಸ್ಟ್ರೇಲಿಯಾದ ಅಕುಬ್ರಾ ಹ್ಯಾಟುಗಳು ಮೊಲದ ತುಪ್ಪಳದವು. ಅಗ್ಗದವು ಸಾಮಾನ್ಯವಾಗಿ ಉಣ್ಣೆಯವು. ಅಂಚು ಜೋಲದೆ ನಿಲ್ಲಲೆಂದು ಫೆಲ್ಟಿಗೆ ಅರಗು ಕುಡಿಸುವುದು ಹಳೆಯ ಪದ್ಧತಿ. ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣ ಕೊಡುವಾಗ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಾಟದ ಬಿಸಿಗೇ ಅದು ಕರಗಿ ಹತ್ತಿಕೊಳ್ಳುತ್ತದಲ್ಲ, ಆ ಗುಣವೇ ಇಲ್ಲೂ ಉಪಯೋಗಕ್ಕೆ ಬರುವುದು. ಹಬೆ ತಾಗಿದರೆ ಅರಗೂ ಎಳೆಗಳೂ ಮೆದುವಾಗುತ್ತವೆ. ಆರುವಾಗ ಯಾವ ರೂಪದಲ್ಲಿರುತ್ತವೋ ಆ ರೂಪದಲ್ಲೇ ಬಿಗಿದುಕೊಳ್ಳುತ್ತವೆ. ಅಮೆರಿಕದಲ್ಲಿ ಸ್ಟೆಟ್ಸನ್ 1865ರಲ್ಲಿ ಹೊರತಂದ ‘ಬಾಸ್ ಆಫ್ ದ ಪ್ಲೇನ್ಸ್’ ಹ್ಯಾಟಿನ ಅಂಚು ಬರೀ ಚಪ್ಪಟೆ. ಕೊಂಡವರು ತಮಗೆ ಬೇಕಾದ ಹಾಗೆ ಬಾಗಿಸಿಕೊಳ್ಳುತ್ತಿದ್ದರು.

ಮೊದಲು ಮೃದುವಾದ ಬ್ರಷ್‌ನಿಂದ ಧೂಳು ತೆಗೆಯಿರಿ. ಧೂಳಿದ್ದಂತೆ ಹಬೆ ಹಿಡಿದರೆ ಅದು ಕಲೆಯಾಗಿ ಕೂರುತ್ತದೆ. ಒಳಗಿನ ಚರ್ಮದ ಪಟ್ಟಿಗೆ ಹಬೆ ತಾಗಕೂಡದು. ಚರ್ಮ ಬಿಸಿಗೆ ಸುಕ್ಕುಗಟ್ಟಿತೆಂದರೆ ಹ್ಯಾಟು ತಲೆಗೆ ಹಿಡಿಸುವುದಿಲ್ಲ. ಹಬೆ ಕೆಟಲಿನದೇ ಇರಲಿ. ಕುಕ್ಕರಿನದು ಬೇಡ, ಅದು ಹಬೆಯ ಜೊತೆ ನೀರನ್ನೂ ಉಗುಳುತ್ತದೆ.

ಕೆಟಲಿನ ಮೂತಿಯಿಂದ ಗೇಣು ದೂರದಲ್ಲಿ ಅಂಚನ್ನು ಹಿಡಿದು, ಅಂಗೈಯಗಲದಷ್ಟು ಭಾಗವನ್ನು ಮಾತ್ರ ಹಬೆಗೆ ಒಡ್ಡಿ. ಅರ್ಧ ನಿಮಿಷದೊಳಗೆ ಫೆಲ್ಟ್ ಬೆರಳಿಗೆ ಬಗ್ಗತೊಡಗುತ್ತದೆ. ತೇವವಾಗಿ ಬೆಚ್ಚಗಾದರೆ ಸಾಕು, ನೆನೆಯಬಾರದು. ಉಣ್ಣೆಯ ಫೆಲ್ಟ್ ನೆನೆದರೆ ಕುಗ್ಗುತ್ತದೆ. ಕೂಡಲೇ ಹಬೆಯಿಂದ ಈಚೆ ತಂದು, ಹೆಬ್ಬೆರಳು ಕೆಳಗೆ, ಉಳಿದ ಬೆರಳು ಮೇಲೆ ಇಟ್ಟು ಬೇಕಾದತ್ತ ಬಾಗಿಸಿ. ಎಳೆಯಬೇಡಿ, ಎಳೆದರೆ ಅಂಚು ಹಿಗ್ಗಿ ಹೊಸ ಅಲೆ ಏಳುತ್ತದೆ. ಬಾಗಿಸಿದ್ದನ್ನು ಹಾಗೇ ಹಿಡಿದುಕೊಂಡಿರಿ. ಹೆಚ್ಚಿನವರು ಸೋಲುವುದು ಇಲ್ಲೇ. ರೂಪ ನಿಲ್ಲುವುದು ಬಿಸಿಯಲ್ಲಲ್ಲ, ತಣಿಯುವುದರಲ್ಲಿ. ಫೆಲ್ಟ್ ಪೂರ್ತಿ ತಣ್ಣಗಾಗುವವರೆಗೆ ಕೈ ಬಿಡಬಾರದು. ಆಮೇಲೆ ಪಕ್ಕದ ಭಾಗಕ್ಕೆ ಹೋಗಿ. ಒಂದು ಸುತ್ತಾದ ಮೇಲೆ ಹ್ಯಾಟನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಮುಂದಿನಿಂದ ನೋಡಿ. ಎಡಬಲದ ಹೆಚ್ಚುಕಡಿಮೆ ಆಗಲೇ ಗೊತ್ತಾಗುವುದು.

ಅಂಚು ಪೂರಾ ಚಪ್ಪಟೆಯಾಗಬೇಕೆಂದರೆ ಇಸ್ತ್ರಿ ಪೆಟ್ಟಿಗೆಯೇ ಮೇಲು. ನೆತ್ತಿಯ ಭಾಗ ಮೇಜಿನಾಚೆ ಕೆಳಕ್ಕೆ ಇಳಿದಿರುವಂತೆ ಅಂಚನ್ನು ಮೇಜಿನ ಮೇಲೆ ಹಾಸಿ. ಒದ್ದೆ ಮಾಡಿ ಹಿಂಡಿದ ಹತ್ತಿಬಟ್ಟೆಯನ್ನು ಅದರ ಮೇಲೆ ಹೊದಿಸಿ, ಉಣ್ಣೆಗೆ ಇಡುವ ಶಾಖದಲ್ಲಿ ಒತ್ತಿ ಎತ್ತಿ, ಒತ್ತಿ ಎತ್ತಿ ಸಾಗಿ. ಬಟ್ಟೆಗೆ ಮಾಡುವ ಹಾಗೆ ಜಾರಿಸಬೇಡಿ. ಆರುವ ತನಕ ಮೇಲೊಂದು ದಪ್ಪ ಪುಸ್ತಕ ಹೇರಿಡಿ.

ಎಷ್ಟು ಸಲ ಹಬೆ ಕೊಟ್ಟರೂ ಅಂಚು ಮತ್ತೆ ಜೋಲುತ್ತಿದೆ ಎಂದರೆ ಒಳಗಿನ ಅಂಟು ಸತ್ತಿದೆ ಎಂದು ಅರ್ಥ. ಅದಕ್ಕೆಂದೇ ಸಿಗುವ ಬಿಗಿಗೊಳಿಸುವ ದ್ರಾವಣವನ್ನು ಅಂಚಿನ ಕೆಳಬದಿಗೆ ತೆಳ್ಳಗೆ ಸಿಂಪಡಿಸಬೇಕು. ಮೊದಲು ಕಾಣದ ಕಡೆ ಒಂದು ಹನಿ ಹಾಕಿ ಕಲೆಯಾಗುತ್ತದೋ ನೋಡಿಕೊಳ್ಳಿ. ಸ್ಪಿರಿಟ್ ಇರುವ ದ್ರಾವಣವಾದರೆ ಒಲೆ ಆರಿಸಿ, ಕಿಟಕಿ ತೆರೆದಿಡಿ.

ಹ್ಯಾಟನ್ನು ಕಳಚಿಟ್ಟಾಗ ನೆತ್ತಿ ಕೆಳಗೆ, ಅಂಚು ಮೇಲೆ ಇರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಯಾವತ್ತೂ ಬಿಟ್ಟುಹೋಗಬೇಡಿ. ಅಲ್ಲಿನ ಶಾಖಕ್ಕೆ ಅಂಚೂ ಸೊಟ್ಟಗಾಗುತ್ತದೆ, ಒಳಪಟ್ಟಿಯೂ ಸುಕ್ಕುತ್ತದೆ.