ಮೊಬೈಲ್ ವಿಕಿರಣ: ಟವರ್‌ಗಿಂತ ಮೊದಲು ಕೈಯಲ್ಲಿರುವ ಫೋನ್ ಪಾಠವಾಗಲಿ

"ಟವರ್ ಹತ್ರ ಮನಿ ಇದ್ರ ಕ್ಯಾನ್ಸರ್ ಬರ್ತದಂತ, ಖರೆ ಏನ್ರಿ ಸರ?" ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ಪ್ರಶಿಕ್ಷಣಾರ್ಥಿ ಈ ಪ್ರಶ್ನೆಗೆ ಸಿದ್ಧನಿರಬೇಕು. 'ಹೌದು' ಎಂದರೆ ಭಯ ಹಬ್ಬುತ್ತದೆ. 'ಏನೂ ಆಗೋದಿಲ್ಲ' ಎಂದರೆ ವಿಜ್ಞಾನ ಹೇಳಿದ್ದಕ್ಕಿಂತ ಹೆಚ್ಚು ಹೇಳಿದಂತಾಗುತ್ತದೆ. ಉತ್ತರವನ್ನು ಮೂರು ಹಂತಗಳಲ್ಲಿ ಕಟ್ಟಬಹುದು.

ಹಂತ 1: ಯಾವ ವಿಕಿರಣ?

ಎಕ್ಸ್-ಕಿರಣಕ್ಕೂ ಮೊಬೈಲ್ ತರಂಗಕ್ಕೂ 'ವಿಕಿರಣ' ಎಂಬ ಒಂದೇ ಪದ ಬಳಸುವುದರಿಂದ ಮಕ್ಕಳಿಗೆ ಗೊಂದಲವಾಗುತ್ತದೆ. ವಿದ್ಯುತ್ಕಾಂತೀಯ ರೋಹಿತದ ಪಟ ತೋರಿಸಿ. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಬಿಡಿಸಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. 900 ಮೆಗಾಹರ್ಟ್ಸ್ ತರಂಗದ ಒಂದು ಫೋಟಾನಿನ ಶಕ್ತಿ ಅದರ ಮೂವತ್ತೈದು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಇದು ಅಯಾನೀಕರಿಸದ ವಿಕಿರಣ. ದೇಹದ ಅಂಗಾಂಶ ಇದನ್ನು ಹೀರಿಕೊಂಡಾಗ ಖಚಿತವಾಗಿ ಆಗುವ ಪರಿಣಾಮವೆಂದರೆ ಅಲ್ಪ ಬಿಸಿ.

2011ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಈ ತರಂಗಗಳನ್ನು '2ಬಿ' ಗುಂಪಿಗೆ, ಅಂದರೆ 'ಕ್ಯಾನ್ಸರ್‌ಕಾರಕ ಇರಬಹುದು' ಎಂಬ ಪಟ್ಟಿಗೆ, ಸೇರಿಸಿತು. ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಈ ಗುಂಪು ಹೇಳುತ್ತದೆ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಹೇಳುವುದಿಲ್ಲ. ಲೋಳೆಸರದ ಇಡೀ ಎಲೆಯ ಸಾರವೂ ಇದೇ ಗುಂಪಿನಲ್ಲಿದೆ.

ಹಂತ 2: ಎಷ್ಟು ದೂರ?

ಟವರ್ ಮನೆಯಿಂದ 50 ಮೀಟರ್ ದೂರದಲ್ಲಿದೆ, ಫೋನ್ ತಲೆಯಿಂದ 2 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ದೂರ 2,500 ಪಟ್ಟು. ವಿಲೋಮ ವರ್ಗ ನಿಯಮದಂತೆ ತೀವ್ರತೆ 62.5 ಲಕ್ಷ ಪಟ್ಟು ಕುಗ್ಗುತ್ತದೆ. ಫೋನ್ ತೀರ ಹತ್ತಿರವಿದ್ದಾಗ ಈ ಲೆಕ್ಕ ಅಂದಾಜು ಮಾತ್ರ. ಟವರ್‌ನ ಶಕ್ತಿಯೂ ಫೋನಿಗಿಂತ ಬಹಳ ಹೆಚ್ಚು. ಆದರೂ ಮಾತಾಡುವಾಗ ತಲೆಗೆ ತಲುಪುವುದರಲ್ಲಿ ದೊಡ್ಡ ಪಾಲು ಫೋನಿನದೇ. ಟವರ್ ಹೊರಸೂಸುವಿಕೆಯ ಮಿತಿಯನ್ನು ಭಾರತ 2012ರ ಸೆಪ್ಟೆಂಬರ್ 1ರಿಂದ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಫೋನಿಗೆ ಎಸ್‌ಎಆರ್ ಮಿತಿ ಇದೆ: 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್. ಬಹುತೇಕ ಫೋನ್‌ಗಳಲ್ಲಿ *#07# ಒತ್ತಿದರೆ ಆ ಫೋನಿನ ಎಸ್‌ಎಆರ್ ಕಾಣುತ್ತದೆ.

ಹಂತ 3: ಸಿಗ್ನಲ್ ಎಷ್ಟು?

ಪಾಠದ ತಿರುಳು ಇಲ್ಲಿದೆ. ಟವರ್ ದೂರವಿದ್ದರೆ ಫೋನ್ ತನ್ನ ದನಿ ಏರಿಸುತ್ತದೆ. ಹತ್ತಿರವಿದ್ದರೆ ಮೆಲ್ಲಗೆ ಮಾತಾಡುತ್ತದೆ. ಕಪ್ಪತಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದೆ ತಡಕಾಡುವ ಫೋನು ಹೆಚ್ಚು ಶಕ್ತಿ ಸುರಿಯುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಊರಿಗೆ ಟವರ್ ಬೇಡವೆಂದು ಹಟ ಹಿಡಿದರೆ ಕಿವಿಗೆ ಹಿಡಿದ ಫೋನಿನ ವಿಕಿರಣ ಹೆಚ್ಚಾಗಬಹುದು ಎಂಬುದನ್ನು ಮಕ್ಕಳೇ ತರ್ಕಿಸಿ ಹೇಳಲಿ.

ಚಟುವಟಿಕೆ: ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ತೆರೆದು ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ ಓದಿಸಿ. ಅಂಗಳ, ತರಗತಿ, ಒಳಕೋಣೆ - ಮೂರು ಕಡೆ ಬರೆದುಕೊಳ್ಳಲಿ. −75ಕ್ಕೂ −105ಕ್ಕೂ ಇರುವ 30ರ ಅಂತರವೆಂದರೆ ಸಾವಿರ ಪಟ್ಟು ವ್ಯತ್ಯಾಸ ಎಂದು ತಿಳಿಸಿ. ನಂತರ ಫೋನಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಮತ್ತೆ ಕರೆ ಮಾಡಿ ನೋಡಲಿ.

ಈ ಚಟುವಟಿಕೆಯಿಂದ ಗ್ರಾಹಕ ಪಾಠವೂ ಸಿಗುತ್ತದೆ. 'ವಿಕಿರಣ ತಡೆಯುವ' ಸ್ಟಿಕ್ಕರ್ ನಿಜಕ್ಕೂ ತರಂಗ ತಡೆದರೆ ಫೋನ್ ಇನ್ನಷ್ಟು ಜೋರು ಮಾಡಬೇಕಾಗುತ್ತದೆ. ತಡೆಯದಿದ್ದರೆ ಕೊಟ್ಟ ಹಣ ವ್ಯರ್ಥ. ಖರ್ಚಿಲ್ಲದ ಉಪಾಯಗಳು ಬೇರೆ ಇವೆ: ಸ್ಪೀಕರ್ ಅಥವಾ ವೈರಿನ ಇಯರ್‌ಫೋನ್ ಬಳಸುವುದು, ಸಿಗ್ನಲ್ ಕಡಿಮೆ ಇದ್ದಾಗ ಮಾತು ಮೊಟಕು ಮಾಡುವುದು, ಮಲಗುವಾಗ ಫೋನನ್ನು ದಿಂಬಿನಿಂದ ದೂರ ಇಡುವುದು.

ಮೌಲ್ಯಮಾಪನದ ಪ್ರಶ್ನೆ: ಮುಂಡರಗಿಯಿಂದ ಶಿರಹಟ್ಟಿಗೆ ಹೋಗುವಾಗ ಬಸ್ಸಿನಲ್ಲಿ ಸಿಗ್ನಲ್ ಒಂದೇ ಗೆರೆ ಇದೆ. ಅರ್ಧ ತಾಸಿನ ಮಾತನ್ನು ಈಗಲೇ ಆಡುವುದು ಒಳ್ಳೆಯದೋ, ಊರು ಮುಟ್ಟಿದ ಮೇಲೋ? ಕಾರಣ ಕೊಡಿ.