ಅರ್ಧ ಅಡಿಯ ಲೆಕ್ಕ

40 ಇಂಚು ಎತ್ತರದ ಟೈರ್ ಬಿಚ್ಚಿ 53 ಇಂಚಿನದನ್ನು ಕೂರಿಸಿದರೆ ಲಾರಿ ಎಷ್ಟು ಮೇಲೇಳುತ್ತದೆ? 13 ಇಂಚು ಎನ್ನುವವರೇ ಹೆಚ್ಚು. ಏಳುವುದು ಆರೂವರೆ, ಅಂದರೆ ಅರ್ಧ ಅಡಿಗಿಂತ ಚೂರು ಜಾಸ್ತಿ. ಟೈರಿನ ಅರ್ಧ ಭಾಗ ಅಚ್ಚಿನ ಮೇಲೆಯೇ ಉಳಿಯುತ್ತದಲ್ಲ. ಲಾರಿಯನ್ನು ಹೊತ್ತು ನಿಲ್ಲುವುದು ಕೆಳಗಿನ ಅರ್ಧ ಮಾತ್ರ. ಆ ಅರ್ಧ ಅಡಿಗಾಗಿ ಅಮೆರಿಕದ ಹವ್ಯಾಸಿಗಳು ಏನೇನು ಕಳೆದುಕೊಳ್ಳಲು ತಯಾರಿರುತ್ತಾರೆ ಎಂದು ಕಾಗದದ ಮೇಲೆ ಕೂಡಿಸಿ ಕಳೆದು ನೋಡಿದರೆ ತಲೆ ತಿರುಗುತ್ತದೆ.

ಅವರ ಕೈಗೆ ಹೆಚ್ಚಾಗಿ ಸಿಕ್ಕುವ ಲಾರಿ ಎಂ35. 1950ರಲ್ಲಿ ರಿಯೊ ಕಂಪನಿ ಅಮೆರಿಕದ ಸೈನ್ಯಕ್ಕೆ ಕಟ್ಟಿಕೊಟ್ಟ, ಆರೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ವಾಹನ. ಕಚ್ಚಾ ನೆಲದಲ್ಲಿ ಎರಡೂವರೆ ಟನ್ ಹೊರುತ್ತದೆಂದು ಅದರ ಅಡ್ಡಹೆಸರೇ ‘ಡ್ಯೂಸ್ ಅಂಡ್ ಎ ಹಾಫ್’. ವಿಯೆಟ್ನಾಂ ಯುದ್ಧದ ಫೋಟೊಗಳಲ್ಲಿ ಸಾಲುಸಾಲಾಗಿ ಕಾಣುವುದು ಇದೇ. ಸೈನ್ಯಕ್ಕೆ ಬೇಡವಾದ ಮೇಲೆ ಹರಾಜಿನಲ್ಲಿ ಜನರ ಕೈ ಸೇರಿತು. ಖಾಲಿ ಇದ್ದಾಗಲೇ ತೂಕ 6 ಟನ್ ಆಸುಪಾಸು. ಎಂ35ಎ2 ಮಾದರಿಯ 7.8 ಲೀಟರಿನ ಎಂಜಿನ್ ಡೀಸೆಲ್ಲು, ಸೀಮೆಎಣ್ಣೆ, ಪೆಟ್ರೋಲು ಯಾವುದನ್ನಾದರೂ ಕುಡಿಯುತ್ತದೆ. ಅಷ್ಟು ಕುಡಿದು ಕೊಡುವ ಶಕ್ತಿ ಮಾತ್ರ ಸುಮಾರು 140 ಅಶ್ವಶಕ್ತಿ. ಇವತ್ತು ಒಂದೂವರೆ ಲೀಟರಿನ ಟರ್ಬೊ ಕಾರು ಇದನ್ನು ಸಲೀಸಾಗಿ ದಾಟುತ್ತದೆ.

ಮೊದಲು ಟೈರಿನ ಅಳತೆ. ಕಾರ್ಖಾನೆಯಿಂದ ಬಂದದ್ದು 9.00-20, ಸುಮಾರು 40 ಇಂಚು. ಹವ್ಯಾಸಿಗಳ ಅಚ್ಚುಮೆಚ್ಚು 395/85ಆರ್20. ಪಕ್ಕದಲ್ಲಿ ಅಚ್ಚಾದ ಆ ಸಂಖ್ಯೆಯಲ್ಲೇ ಎಲ್ಲ ಇದೆ: ಅಗಲ 395 ಮಿ.ಮೀ., ಪಕ್ಕದ ಗೋಡೆ ಅದರ ನೂರಕ್ಕೆ 85, ರಿಮ್ 20 ಇಂಚು. ಮೇಲೊಂದು ಕೆಳಗೊಂದು ಗೋಡೆ ಹಿಡಿದು ಕೂಡಿಸಿದರೆ 1,180 ಮಿ.ಮೀ., ಸುಮಾರು 46 ಇಂಚು, ಅಂದರೆ ನಾಲ್ಕನೇ ತರಗತಿಯ ಮಗುವಿನ ಭುಜದ ಮೇಲಕ್ಕೇ ಬಂತು. ಇನ್ನೂ ಹುಚ್ಚು ಹತ್ತಿದವರು 16.00ಆರ್20ಕ್ಕೆ ಹೋಗುತ್ತಾರೆ. ಅದೇ 53 ಇಂಚಿನದು. ರಿಮ್ ಸೇರಿದರೆ ಒಂದೊಂದೂ 200 ಕೆ.ಜಿ. ಮೀರುತ್ತದೆ. ದಾರಿಯಲ್ಲಿ ಪಂಕ್ಚರಾದರೆ ಸ್ಟೆಪ್ನಿ ಇಳಿಸಲು ಒಬ್ಬನಿಂದಾಗದು, ಅದಕ್ಕೊಂದು ಪುಟ್ಟ ಕ್ರೇನೇ ಬೇಕು.

ಟೈರು ಇಷ್ಟು ದಪ್ಪವಾದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಆಗ ಸ್ಪ್ರಿಂಗನ್ನು ಎತ್ತರಿಸಬೇಕು. ನೋಡುವವರಿಗೆ ಲಾರಿ ಆನೆಯಂತೆ ಎದ್ದು ನಿಂತಿರುತ್ತದೆ. ಆದರೆ ಸ್ಪ್ರಿಂಗ್ ಎತ್ತರಿಸಿ ಸಿಕ್ಕುವುದು ಟೈರಿಗೆ ಜಾಗ, ಅಷ್ಟೇ. ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ಲಿನ, ಅಂದರೆ ಅಚ್ಚಿನ ನಡುವಿನ ಗೇರು ಪೆಟ್ಟಿಗೆಯ, ಹೊಟ್ಟೆ ಅಚ್ಚಿನಲ್ಲೇ ಇರುವುದರಿಂದ ಒಂದು ಮಿಲಿಮೀಟರೂ ಮೇಲೆ ಬರುವುದಿಲ್ಲ. ಅದನ್ನು ಎತ್ತಬಲ್ಲದ್ದು ಟೈರೊಂದೇ.

ಜೊತೆಗೆ ಇನ್ನೊಂದು ಕಿರುಕುಳ. ಚಾಸಿ ಮೇಲೆ ಹೋಯಿತು, ಅಚ್ಚು ಅಲ್ಲೇ ಉಳಿಯಿತು; ನಡುವಿನ ಪ್ರೊಪೆಲ್ಲರ್ ಶಾಫ್ಟು ಓರೆಯಾಯಿತು. ಶಾಫ್ಟಿನ ತುದಿಯ ಕ್ರಾಸ್ ಜಾಯಿಂಟಿಗೆ ಒಂದು ವಿಚಿತ್ರ ಗುಣವಿದೆ: ಓರೆಯಾಗಿ ತಿರುಗಿದಾಗ ಒಂದೇ ಸಮ ತಿರುಗಲಾರದು, ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಓರೆ 10 ಡಿಗ್ರಿ ಇದ್ದರೆ ಈ ಏರಿಳಿತ ನೂರಕ್ಕೆ ಒಂದೂವರೆ. 20 ಡಿಗ್ರಿಯಾದರೆ ಮೂರಲ್ಲ, ಆರು. ನಿಮಿಷಕ್ಕೆ 2,000 ಸುತ್ತಿನಲ್ಲಿ ಅದು ನಿಮಿಷಕ್ಕೆ 4,000 ಜಗ್ಗಾಟ. ಇನ್ನೊಂದು ತುದಿಯ ಜಾಯಿಂಟು ಅಷ್ಟೇ ಓರೆಯಲ್ಲಿ ಸರಿಹೊಂದಿದ್ದರೆ ಅಚ್ಚಿಗೆ ಅದು ತಲುಪುವುದಿಲ್ಲ ನಿಜ. ನಡುವಿನ ಶಾಫ್ಟಿಗಂತೂ ಬಿಡುಗಡೆಯಿಲ್ಲ.

ನನ್ನನ್ನು ಬೆಚ್ಚಿಬೀಳಿಸಿದ ಲೆಕ್ಕ ಇದಲ್ಲ, ಐದನೇ ಘಾತದ್ದು. ಒಂದೇ ಆಕಾರದ ಎರಡು ಗಾಲಿಗಳಲ್ಲಿ ತೂಕ ಎತ್ತರದ ಮೂರನೇ ಘಾತದಂತೆ ಬೆಳೆಯುತ್ತದೆ. ತಿರುಗಲೊಲ್ಲದ ಹಟ, ಅಂದರೆ ಜಡತ್ವ ಭ್ರಮಣಾಂಕ, ಐದನೇ ಘಾತದಂತೆ. 16% ಎತ್ತರ ಹೆಚ್ಚಿದರೆ ಅದು ಎರಡು ಪಟ್ಟು. 40ರಿಂದ 53ಕ್ಕೆ ಹೋದರೆ ನಾಲ್ಕು ಪಟ್ಟು. ದೊಡ್ಡ ಗಾಲಿ ಅದೇ ವೇಗಕ್ಕೆ ನಿಧಾನ ತಿರುಗುವುದರಿಂದ ಎಂಜಿನ್ನಿಗೆ ತಟ್ಟುವ ಭಾರ ಅಷ್ಟಾಗುವುದಿಲ್ಲ, ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಿಗೆ ನಿಲ್ಲುತ್ತದೆ. ಅದೇನು ಕಡಿಮೆಯೇ? ಇತ್ತ ಗೇರಿನ ಅನುಪಾತವೂ ಜಾರುತ್ತದೆ. ಅಚ್ಚಿನ 6.72 ಎಂಬ ಅನುಪಾತ 46 ಇಂಚಿನ ಟೈರಿನಲ್ಲಿ 5.8ರಂತೆ, 53ರಲ್ಲಿ 5.1ರಂತೆ ನಡೆದುಕೊಳ್ಳುತ್ತದೆ. ಏರಿನಲ್ಲಿ ಎಳೆತ ನೂರಕ್ಕೆ 25 ಮಾಯ. ಮೀಟರ್ ಗಂಟೆಗೆ 80 ಕಿ.ಮೀ. ತೋರಿಸುವಾಗ ಲಾರಿ ಓಡುತ್ತಿರುವುದು 106ರಲ್ಲಿ.

ಆ 106ರಲ್ಲಿ ಬ್ರೇಕು ಒತ್ತಬೇಕಲ್ಲ. ಎಂ35ಎ2ರ ಬ್ರೇಕಿಗೆ ಗಾಳಿಯ ನೆರವಿದೆ, ಆದರೆ ಎಣ್ಣೆಯ ಕೊಳವೆ ಜಾಲ ಒಂದೇ. ಎಲ್ಲೋ ಒಂದು ಕಡೆ ಸೋರಿದರೆ ಆರೂ ಗಾಲಿಗೆ ಬ್ರೇಕಿಲ್ಲ. ಪವರ್ ಸ್ಟಿಯರಿಂಗೂ ಇಲ್ಲ. ಇದನ್ನೆಲ್ಲ ಹಾಗೇ ಬಿಟ್ಟು ಟೈರೊಂದನ್ನೇ ದೊಡ್ಡದು ಮಾಡುವವರ ಧೈರ್ಯ ನನಗೆ ಮೆಚ್ಚುಗೆಯಾಗುವುದಿಲ್ಲ.

ಹಾಗಾದರೆ ಲಾಭವೇ ಇಲ್ಲವೇ? ಇದೆ, ಕಣ್ಣಿಗೆ ಕಾಣದ ಕಡೆ. ಟೈರು ನೆಲದ ಮೇಲೆ ಹಾಕುವ ಒತ್ತಡ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ. 50 ಪಿಎಸ್‌ಐ ಎಂದರೆ ಚದರ ಸೆಂ.ಮೀ.ಗೆ ಮೂರೂವರೆ ಕೆ.ಜಿ. ಆರು ಟನ್ನಿನ ಲಾರಿ ಮುಂದೆ ಎರಡು, ಹಿಂದೆ ಜೋಡಿ ಟೈರಿನ ಎಂಟು, ಹೀಗೆ ಹತ್ತು ಟೈರಿನ ಮೇಲೆ ನಿಂತಾಗ ಒಂದೊಂದೂ ನೆಲ ಮುಟ್ಟುವ ಜಾಗ ಅಂಚೆ ಕಾರ್ಡಿಗಿಂತ ಕೊಂಚ ದೊಡ್ಡದು. ಗಾಳಿ ಅಷ್ಟೇ ಇದ್ದರೆ ಟೈರು ಎಷ್ಟು ದೊಡ್ಡದಾದರೂ ಒಟ್ಟು ಜಾಗ ಬದಲಾಗದು. ದೊಡ್ಡ ಟೈರಿನ ಗುಟ್ಟು ಏನೆಂದರೆ, ಅದು ಗಾಳಿ ಇಳಿಸಲು ಅವಕಾಶ ಕೊಡುತ್ತದೆ. ಆರೇ ದೊಡ್ಡ ಟೈರು ಹಾಕಿ 20 ಪಿಎಸ್‌ಐಗೆ ಇಳಿಸಿ ನಿಧಾನ ಓಡಿಸಿದರೆ ಒಟ್ಟು ಜಾಗ ಎರಡೂವರೆ ಪಟ್ಟು. 60 ಕೆ.ಜಿ.ಯ ಮನುಷ್ಯ ಒಂದು ಕಾಲೂರಿದಾಗ ಚದರ ಸೆಂ.ಮೀ.ಗೆ ಸುಮಾರು 300 ಗ್ರಾಂ ಒತ್ತುತ್ತಾನೆ. ಆರು ಟನ್ನಿನ ಈ ಲಾರಿ ಒತ್ತುವುದು 1,400 ಗ್ರಾಂ. ತೂಕ ನೂರು ಪಟ್ಟು, ಒತ್ತಡ ಐದು ಪಟ್ಟೂ ಇಲ್ಲ!

ಸೈನ್ಯಕ್ಕೆ ಇದು ಮೊದಲೇ ಗೊತ್ತಿತ್ತು. 1942ರ ಡಕ್ ಎಂಬ ನೆಲ-ನೀರಿನ ಲಾರಿಯಲ್ಲಿ ಚಾಲಕ ಕೂತಲ್ಲಿಂದಲೇ, ಓಡುತ್ತಿರುವಾಗಲೇ ಟೈರಿನ ಗಾಳಿ ಇಳಿಸಿ ಏರಿಸಬಹುದಿತ್ತು. ಅಂಥವು 21,000ಕ್ಕೂ ಹೆಚ್ಚು ತಯಾರಾದವು. ಎತ್ತರದ ಪ್ರಶ್ನೆಗೆ ಸೈನ್ಯದ್ದೇ ಹಮ್ವಿ ಎಂಬ ವಾಹನ ಬೇರೆಯೇ ಉತ್ತರ ಕೊಟ್ಟಿತು: ಡಿಫರೆನ್ಷಿಯಲ್ಲನ್ನು ಚಾಸಿಗೇ ಕಟ್ಟಿ, ಶಾಫ್ಟನ್ನು ಗಾಲಿಯ ನಡುವಿಗಿಂತ ಮೇಲೆ ತಂದು, ಅಲ್ಲಿಂದ 1.92 ಅನುಪಾತದ ಗೇರಿನಿಂದ ಕೆಳಗಿಳಿಸಿತು. 37 ಇಂಚಿನ ಟೈರಿನಲ್ಲೇ ಹೊಟ್ಟೆಯಡಿ 40 ಸೆಂ.ಮೀ. ಜಾಗ ಸಿಕ್ಕಿತು.

1990ರ ದಶಕದಲ್ಲಿ ಹಳೆಯ ಎಂ35ಗೆ ಸೈನ್ಯವೇ ದೊಡ್ಡ ಟೈರು ಹಾಕಿ ಎಂ35ಎ3 ಎಂದಿತು. ಹಿಂದಿನ ಜೋಡಿ ಟೈರು ಹೋಗಿ ಒಂಟಿ 14.5ಆರ್20 ಬಂತು. ಅದರ ಜೊತೆಯಲ್ಲೇ ಕ್ಯಾಟರ್‌ಪಿಲ್ಲರ್ ಎಂಜಿನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಪವರ್ ಸ್ಟಿಯರಿಂಗ್, ಡ್ಯಾಶ್‌ಬೋರ್ಡಿನಿಂದ ಟೈರಿಗೆ ಗಾಳಿ ಹೊಂದಿಸುವ ವ್ಯವಸ್ಥೆ ಎಲ್ಲವೂ ಬಂದವು.