ಸೂಜಿ ಚುಚ್ಚಿದ್ದಾಯ್ತು, ಕಾವಲು ನಿಂತಿತೇ?

ಕಾರವಾರ, ಅಂಕೋಲೆ ಕಡೆ ಯಾರನ್ನೇ ಕೇಳಿ, "ಕೋವಿಡ್ ಇಂಜೆಕ್ಷನ್ ಆಗಿತ್ತಾ?" ಎಂದರೆ "ಎರಡೂ ಆಗಿದೆ ಮಾರಾಯ್ರೇ, ಸರ್ಟಿಫಿಕೇಟು ಮೊಬೈಲಲ್ಲಿ ಉಂಟು" ಎಂಬುದೇ ಉತ್ತರ. ಬಸ್ಸಿನ ಪಕ್ಕದ ಸೀಟಿನವರೂ ಅದನ್ನೇ ಹೇಳುತ್ತಾರೆ, ಅಂಗಡಿಕಟ್ಟೆಯ ಮೇಲೆ ಕೂತವರೂ ಅದನ್ನೇ. ಹೆಚ್ಚಿನವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿಯಿತು. ಬೇರೆಯವರ ಕಿಡ್ನಿ ಹಾಕಿಸಿಕೊಂಡು ಬದುಕುತ್ತಿರುವವರ ಮಟ್ಟಿಗೆ ಮುಗಿಯುವುದಿಲ್ಲ. ತೋಳಿಗೆ ಸೂಜಿ ಚುಚ್ಚಿದ್ದು ನಿಜ. ಮೈಯೊಳಗೆ ಕಾವಲು ನಿಂತಿತೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ.

ದೇಶದಲ್ಲಿ ಕೋವಿಡ್ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಮಾರ್ಚ್ 1ರಿಂದ 60 ದಾಟಿದವರಿಗೂ, 45ರಿಂದ 59ರೊಳಗಿನ ಕಾಯಿಲೆಯವರಿಗೂ ಸರದಿ ಬಂತು. ಸರಕಾರ ಪಟ್ಟಿ ಮಾಡಿದ 20 ಕಾಯಿಲೆಗಳಲ್ಲಿ ಕಿಡ್ನಿ, ಲಿವರ್ ಕಸಿಯಾದವರೂ ಇದ್ದರು, ಕಸಿಗಾಗಿ ಕಾಯುತ್ತಿದ್ದವರೂ ಇದ್ದರು. ಅವರನ್ನು ಸಾಲಿನ ಮುಂದೆ ನಿಲ್ಲಿಸಿದ್ದು ಸರಿಯೇ.

ಅದೇ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಅಂಗ ಕಸಿಯಾದ 436 ಜನರ ರಕ್ತ ಪರೀಕ್ಷೆ ಮಾಡಿದರು. ಮೊದಲ ಡೋಸಿನ ನಂತರ ಪ್ರತಿಕಾಯ ಕಂಡದ್ದು ನೂರಕ್ಕೆ 17 ಮಂದಿಯಲ್ಲಿ ಮಾತ್ರ! ಎರಡು ಡೋಸ್ ಮುಗಿಸಿದ 658 ಜನರನ್ನು ನೋಡಿದಾಗ ನೂರಕ್ಕೆ 54. ಅಂದರೆ ಹತ್ತಿರ ಹತ್ತಿರ ಅರ್ಧ ಜನ ಎರಡು ಸಲ ಚುಚ್ಚಿಸಿಕೊಂಡೂ ಬರಿಗೈ. ಫ್ರಾನ್ಸಿನ ಟುಲೂಸ್‌ನಲ್ಲಿ 101 ಜನರಿಗೆ ಮೂರನೇ ಡೋಸ್ ಕೊಟ್ಟಾಗ ನೂರಕ್ಕೆ 40 ಇದ್ದದ್ದು 68ಕ್ಕೆ ಏರಿತು. ಆ ಲಸಿಕೆಗಳು ಬೇರೆ, ಇಲ್ಲಿ ಹಾಕಿದ ಕೋವಿಶೀಲ್ಡ್, ಕೋವ್ಯಾಕ್ಸಿನ್ ಬೇರೆ. ಲೆಕ್ಕವನ್ನು ಇದ್ದಕ್ಕಿದ್ದಂತೆ ಇಲ್ಲಿಗೆ ತಂದು ಕೂರಿಸುವ ಹಾಗಿಲ್ಲ. ಆದರೆ ಕಾರಣ ಎರಡೂ ಕಡೆ ಒಂದೇ.

ಫ್ರಾನ್ಸಿನವರು 2021ರಲ್ಲೇ ಮೂರನೆಯದನ್ನು ಕೊಟ್ಟರು. ಇಲ್ಲಿ? 2022ರ ಜನವರಿ 10ರಿಂದ 60 ದಾಟಿದ ಕಾಯಿಲೆಯವರಿಗೆ ಮುನ್ನೆಚ್ಚರಿಕೆ ಡೋಸ್ ಬಂತು. ನಲವತ್ತರ ವಯಸ್ಸಿನ ಕಸಿಯಾದವರು ಏಪ್ರಿಲ್ 10ರ ತನಕ ಕಾಯಬೇಕಾಯಿತು, ಅದೂ ಖಾಸಗಿ ಕೇಂದ್ರದಲ್ಲಿ ದುಡ್ಡು ಕೊಟ್ಟು. ಜುಲೈ 15ರಿಂದಷ್ಟೇ ಪುಕ್ಕಟೆ. ಕಾಯಿಲೆ ನೋಡಿ ಸಾಲು ಮಾಡಿದ ಸರಕಾರ ಮೂರನೇ ಸಲ ಬರೇ ವಯಸ್ಸು ನೋಡಿದ್ದು ಯಾವ ನ್ಯಾಯ?

ಒಳಗಿನ ಪೊಲೀಸರು

ಮನುಷ್ಯನ ಮೈಯೊಳಗೆ ಬಿಳಿ ರಕ್ತಕಣಗಳದೊಂದು ಪೊಲೀಸ್ ಪಡೆ ಇದೆ. ಹೊರಗಿನದು ಏನು ಬಂದರೂ ಹಿಡಿದು ಬಡಿಯುವುದು ಅದರ ಕೆಲಸ. ರೋಗಾಣು ಆದರೂ ಸರಿ, ಹೆತ್ತ ತಾಯಿ ಕೊಟ್ಟ ಕಿಡ್ನಿ ಆದರೂ ಸರಿ, ಅದಕ್ಕೆ ಎರಡೂ ಹೊರಗಿನವೇ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೆ ಕಿಡ್ನಿ ಕಸಿ ಮಾಡಿ ಗೆದ್ದರು. ಕೊಟ್ಟವನೂ ತಕ್ಕೊಂಡವನೂ ತದ್ರೂಪಿ ಅವಳಿಗಳಾಗಿದ್ದರಿಂದ ಪೊಲೀಸರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಎಲ್ಲರಿಗೂ ಅವಳಿ ಎಲ್ಲಿಂದ ಬರಬೇಕು? ಹಾಗಾಗಿ ಪೊಲೀಸರ ಕೈ ಕಟ್ಟುವ ಮಾತ್ರೆಗಳು ಬಂದವು. ಟ್ಯಾಕ್ರೊಲಿಮಸ್, ಮೈಕೊಫೆನೊಲೇಟ್, ಪ್ರೆಡ್ನಿಸೊಲೋನ್: ಕಸಿಯಾದವರ ಮನೆಯಲ್ಲಿ ಈ ಹೆಸರುಗಳು ಮಕ್ಕಳ ಬಾಯಲ್ಲೂ ಇರುತ್ತವೆ.

ಲಸಿಕೆ ಅಂದರೆ ಕಳ್ಳನ ಫೋಟೋ ಇದ್ದ ಹಾಗೆ. ಅದನ್ನು ನೋಡಿದ ಪಡೆ ಹೊಸ ಜನರನ್ನು ಭರ್ತಿ ಮಾಡಿಕೊಂಡು ಪ್ರತಿಕಾಯ ಎಂಬ ಬೇಡಿಗಳನ್ನು ತಯಾರಿಸಬೇಕು. ಮೈಕೊಫೆನೊಲೇಟ್ ತಡೆಯುವುದು ಆ ಭರ್ತಿಯನ್ನೇ. ಫೋಟೋ ಬಂತು, ನೋಡುವವರಿಲ್ಲ!

ಹಾಗಂತ ಲಸಿಕೆ ದಂಡ ಎನ್ನುವಂತಿಲ್ಲ. ಪ್ರತಿಕಾಯ ಕಡಿಮೆ ಇದ್ದರೂ ಪಡೆಯ ಬೇರೆ ತುಕಡಿಗಳು ಅಷ್ಟಿಷ್ಟು ಕಲಿತಿರುತ್ತವೆ. ಲಸಿಕೆಯಿಂದ ಹೊಸ ಕಿಡ್ನಿ ಕೆಡುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ಫ್ಲೂ ಲಸಿಕೆಯನ್ನು ಕಸಿಯಾದವರಿಗೆ ಪ್ರತಿ ವರ್ಷ ಹಾಕಿಸಲು ವೈದ್ಯರೇ ಹೇಳುತ್ತಾರೆ.

ನಿಜವಾದ ಅಪಾಯ ಬೇರೆ ಇದೆ. "ಮಾತ್ರೆಯಿಂದ ಲಸಿಕೆ ಹತ್ತುವುದಿಲ್ಲವಂತೆ, ನಾಲ್ಕು ದಿನ ಮಾತ್ರೆ ಬಿಟ್ಟರಾಯ್ತು" ಎಂದು ಯಾರಾದರೂ ಹೊರಟರೆ ಕಿಡ್ನಿಯೇ ಹೋದೀತು. ನೆದರ್ಲೆಂಡ್ಸ್‌ನಲ್ಲಿ ವೈದ್ಯರ ಕಣ್ಣೆದುರಿಗೇ ಮೈಕೊಫೆನೊಲೇಟನ್ನು ಕೆಲವು ದಿನ ನಿಲ್ಲಿಸಿ ಲಸಿಕೆ ಕೊಟ್ಟು ನೋಡಿದ್ದಾರೆ. ಖಚಿತವಾಗಿ ಲಾಭವಾಯಿತು ಎನ್ನುವಂಥದ್ದು ಸಿಗಲಿಲ್ಲ. ಮತ್ತೆ ಮತ್ತೆ ಡೋಸ್ ಕೊಟ್ಟದ್ದರಿಂದಲೇ ಗುಣ ಕಂಡದ್ದು.

ಡಯಾಲಿಸಿಸ್ ಹೊತ್ತಿನಲ್ಲೇ

ಕೈ ಕಟ್ಟುವ ಮಾತ್ರೆ ಶುರುವಾಗುವ ಮೊದಲೇ ಫೋಟೋ ತೋರಿಸಿಬಿಟ್ಟರೆ? ಜಾಣತನ ಇರುವುದು ಅಲ್ಲಿ. ಕಿಡ್ನಿ ಸೋತು ಡಯಾಲಿಸಿಸ್‌ಗೆ ಓಡಾಡುವ ತಿಂಗಳುಗಳಲ್ಲೇ ಲಸಿಕೆಗಳನ್ನು ಮುಗಿಸಬೇಕು. ಹೆಪಟೈಟಿಸ್ ಬಿ ಲಸಿಕೆ ಸಾಮಾನ್ಯ ವಯಸ್ಕರಿಗೆ ಮೂರು ಸಲ. ಡಯಾಲಿಸಿಸ್‌ನವರಿಗೆ ದುಪ್ಪಟ್ಟು ಪ್ರಮಾಣದಲ್ಲಿ, 40 ಮೈಕ್ರೋಗ್ರಾಮಿನಂತೆ ನಾಲ್ಕು ಸಲ: ಮೊದಲ ದಿನ, ಒಂದು ತಿಂಗಳಿಗೆ, ಎರಡಕ್ಕೆ, ಆರಕ್ಕೆ. ಅದಾದ ಮೇಲೆ ರಕ್ತ ಪರೀಕ್ಷೆ. ಅಂಕಿ 10ಕ್ಕಿಂತ ಕೆಳಗಿದ್ದರೆ ಕಾವಲು ನಿಂತಿಲ್ಲ ಎಂದರ್ಥ, ಮತ್ತೆ ಹಾಕಿಸಬೇಕು. ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಸೂಜಿಯ ಲೆಕ್ಕ ಇಡುವವರು ಬಹಳ, ಅಂಕಿಯ ಲೆಕ್ಕ ಇಡುವವರು ಕಡಿಮೆ.

ದಡಾರ, ಸಿಡುಬು ಹೋಲುವ ಚಿಕನ್‌ಪಾಕ್ಸ್, ಹಡಗಿನ ಕೆಲಸಕ್ಕೆ, ಆಫ್ರಿಕಾಕ್ಕೆ ಹೋಗುವವರು ಹಾಕಿಸಿಕೊಳ್ಳುವ ಹಳದಿ ಜ್ವರದ ಸೂಜಿ, ಇವೆಲ್ಲ ಜೀವ ಇರುವ ಲಸಿಕೆಗಳು. ರೋಗಾಣುವನ್ನು ಸೊರಗಿಸಿ ಮಾಡಿದ್ದು, ಕೊಂದು ಮಾಡಿದ್ದಲ್ಲ. ಕಸಿಗೆ ಕನಿಷ್ಠ ನಾಲ್ಕು ವಾರ ಮೊದಲು ಇವು ಮುಗಿದಿರಬೇಕು. ಕಸಿಯಾದ ಮೇಲೆ ಸಾಮಾನ್ಯವಾಗಿ ಇವನ್ನು ಕೊಡುವುದಿಲ್ಲ. ಕೈ ಕಟ್ಟಿದ ಪೊಲೀಸರ ಮುಂದೆ ಸೊರಗಿದ ಕಳ್ಳನೂ ಕೊಬ್ಬುತ್ತಾನೆ.

ಈ ಭಾಗದವರಿಗೆ ಮೊದಲೇ ಮುಗಿಸುವುದು ಇನ್ನೂ ಮುಖ್ಯ. ಕಸಿಗೂ, ನಂತರದ ತಪಾಸಣೆಗೂ ಮಣಿಪಾಲ, ಮಂಗಳೂರು, ಬೆಳಗಾವಿ, ಗೋವಾದ ಬಾಂಬೋಳಿ ಎಂದು ಅಲೆಯಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಒಂದೇ ಮಳೆಗಾಲದಲ್ಲಿ ದಕ್ಷಿಣದ ದಾರಿಗೂ ಉತ್ತರದ ದಾರಿಗೂ ಪೆಟ್ಟು. ದಾರಿ ಇಷ್ಟು ನಂಬಿಕೆಗೇಡಿ ಆಗಿರುವಲ್ಲಿ "ಲಸಿಕೆ ಮುಂದಿನ ಸಲ ನೋಡುವಾ" ಎಂದು ಬಿಡುವಂತಿಲ್ಲ.

ಮನೆಮಂದಿಯೂ ಕಾವಲಿನ ಒಂದು ಭಾಗವೇ. ಮನೆಯವರೆಲ್ಲ ಫ್ಲೂ ಲಸಿಕೆ ಹಾಕಿಸಿಕೊಂಡರೆ ಜ್ವರ ಹೊಸ್ತಿಲ ಆಚೆಗೇ ಉಳಿಯುವ ಸಂಭವ ಹೆಚ್ಚು. ಕೆಮ್ಮು ಬಂದ ಅಂಗಡಿ ಹುಡುಗನಿಗೆ ಎರಡು ದಿನ ರಜೆ ಕೊಟ್ಟರೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಕಸಿಯಾದ ಯಜಮಾನರಿಗೇ ಲಾಭ. ಪೋಲಿಯೋ ಹನಿಯ ವಿಷಯ ಸ್ವಲ್ಪ ನಾಜೂಕು. ಅದೂ ಜೀವ ಇರುವ ಲಸಿಕೆಯೇ. ಹನಿ ಕುಡಿದ ಮಗುವಿನ ಮಲದಲ್ಲಿ ಕೆಲವು ವಾರ ಹೊರಬೀಳುತ್ತದೆ. ಮಗುವಿಗೆ ಲಸಿಕೆ ತಪ್ಪಿಸುವ ಮಾತೇ ಇಲ್ಲ. ಪೋಲಿಯೋಗೆ ಸೂಜಿಯ ಲಸಿಕೆಯೂ ಇದೆ, ಮನೆಯಲ್ಲಿ ಕಸಿಯಾದವರಿದ್ದಾರೆಂದು ಡಾಕ್ಟರಿಗೆ ಮೊದಲೇ ಹೇಳಿದರೆ ಅವರು ದಾರಿ ತೋರಿಸುತ್ತಾರೆ. ಹನಿ ಹಾಕಿಸಿಯಾಗಿದ್ದರೆ ಮೊಮ್ಮಗುವಿನ ಬಟ್ಟೆ ಬದಲಿಸುವ ಕೆಲಸ ಅಜ್ಜನಿಗೆ ಬೇಡ.

ನಾಯಿ ಕಚ್ಚಿದರೆ

ಇನ್ನು ಬೀದಿ ನಾಯಿ. ಬಸ್‌ಸ್ಟ್ಯಾಂಡ್, ಮೀನು ಪೇಟೆ, ಎಲ್ಲಿ ನೋಡಿದರೂ ಅವುಗಳದೇ ರಾಜ್ಯ. ರೇಬಿಸ್ ಸೂಜಿ ಕೊಂದ ರೋಗಾಣುವಿನದು, ಕಸಿಯಾದವರಿಗೆ ಧಾರಾಳವಾಗಿ ಕೊಡಬಹುದು. ಆದರೆ ಬರೇ ಅದನ್ನೇ ನಂಬಿ ಕೂರುವ ಹಾಗಿಲ್ಲ. ರಕ್ತ ಜಿನುಗದ ಬರೇ ತರಚು ಗಾಯವಾದರೆ ಉಳಿದವರಿಗೆ ಲಸಿಕೆಯಷ್ಟೇ ಸಾಕು. ಕಸಿಯಾದವರಿಗೆ ಅಷ್ಟಕ್ಕೂ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯವನ್ನು ಗಾಯದ ಸುತ್ತ ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಹಿಂದೆ ಸೂಜಿ ಹಾಕಿಸಿಕೊಂಡಿದ್ದರೂ ಬಿಡುವಂತಿಲ್ಲ. ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋದವರು ನಾಯಿಯ ಬಣ್ಣ ಹೇಳುವ ಮೊದಲು "ಕಿಡ್ನಿ ಕಸಿ ಆಗಿದೆ" ಎಂದು ಹೇಳಬೇಕು. ಸೂಜಿಗಳೆಲ್ಲ ಮುಗಿದು ಎರಡರಿಂದ ನಾಲ್ಕು ವಾರದೊಳಗೆ, ಸಾಧ್ಯವಿದ್ದಲ್ಲಿ, ಪ್ರತಿಕಾಯ ಬಂತೋ ಇಲ್ಲವೋ ಎಂದು ರಕ್ತ ಪರೀಕ್ಷೆ ಮಾಡಿಸಬೇಕು.